ಕೆಳಗಿನ ತೋಪಿನ ಏಳು ಸಸಿಗಳು

ಗಲ್ಫಿಗೆ ಹೋದವನಿಗೆ ಬೆಳಿಗ್ಗೆ ಮುಖ ತೊಳೆಯಲು ಸುತ್ತಿಗೆ ಬೇಕಾಯಿತು ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ಹೆತ್ತ ತಾಯಿಯೇ ನಂಬಲಿಲ್ಲ. "ಕಾಗದದಲ್ಲಿಯೂ ನಿನ್ನದು ಕುಶಾಲೇ" ಎಂದು ತಂಗಿಯ ಕೈಯಲ್ಲಿ ಬರೆಸಿದರು. ಕುಶಾಲಲ್ಲ. ಒಮಾನಿನಲ್ಲಿ ಜಬಲ್ ಅಖ್ದರ್ ಎಂಬ ಬೆಟ್ಟವಿದೆ. ಹಾಗೆಂದರೆ ಹಸಿರು ಬೆಟ್ಟ. ಅದರ ನೆತ್ತಿಯಲ್ಲಿ ನಾನು ಕಣ್ಣುಬಿಟ್ಟ ಮೊದಲ ಬೆಳಿಗ್ಗೆ ಡೇರೆಯ ಹೊರಗಿನ ಡ್ರಮ್ಮಿಗೆ ಚೊಂಬು ಅದ್ದಿದರೆ ಅದು ಟಣ್ ಎಂದು ಕೈಗೇ ವಾಪಸು ಬಂತು. ನೀರು ಗಟ್ಟಿಯಾಗಿ ಕುಳಿತಿತ್ತು. ನಾನು ಮೂಲ್ಕಿಯಿಂದ ತಂದದ್ದು ನಾಲ್ಕು ಟೆರಿಲಿನ್ ಅಂಗಿ, ಆರು ಬನಿಯನು, ಮರುಭೂಮಿಯ ಸೆಕೆಗೆಂದು ಅಮ್ಮ ಕಟ್ಟಿಕೊಟ್ಟ ಒಂದು ಬೀಸಣಿಗೆ. ನಾಲ್ಕೂ ಅಂಗಿಗಳನ್ನು ಒಂದರ ಮೇಲೊಂದು ಹಾಕಿ, ತಲೆಗೆ ಬನಿಯನು ಸುತ್ತಿ, ಈರುಳ್ಳಿಯ ಗೋಣಿ ಹೊದ್ದು ನಿಂತೆ. ಅಕ್ಕಿ ಮೂಟೆಗೆ ಕೈಕಾಲು ಬಂದಂತೆ ಕಾಣುತ್ತಿದ್ದಿರಬೇಕು.

ಅಲ್ಲಿಗೆ ನನ್ನನ್ನು ಕಳಿಸಿದ್ದು ನನ್ನದೇ ಬಾಯಿ. ಎಂಬತ್ತರ ದಶಕದ ಕೊನೆಯ ಭಾಗ ಅದು. ನನಗೆ ವೀಸಾ ಕೊಡಿಸಿ ಕೆಲಸಕ್ಕಿಟ್ಟುಕೊಂಡ ಅರಬಿ ಯಜಮಾನನನ್ನು ಇಲ್ಲಿ ಕಫೀಲ್ ಎನ್ನುತ್ತಾರೆ. ಮಸ್ಕತ್ತಿನ ರೂವಿಯಲ್ಲಿ ಅವನ ಗೋಡೌನು. ದೂರದ ಕ್ಯಾಂಪುಗಳಿಗೆ ದಿನಸಿ ಒದಗಿಸುವುದು ವ್ಯಾಪಾರ. ಒಂದು ದಿನ ಮೂಟೆಗಳ ನಡುವೆ ನಿಂತು ಅವನು ಟೆಲಿಫೋನಿನಲ್ಲಿ ಕೆಮ್ಮಿ, ಕಿರುಚಿ, ಮತ್ತೆ ಕೆಮ್ಮುವುದನ್ನು ಮಾಡಿ ತೋರಿಸುತ್ತಿದ್ದೆ. ನೋಡುತ್ತಿದ್ದವರು ನಗುವುದನ್ನು ನಿಲ್ಲಿಸಿದರು. ತಿರುಗಿದರೆ ಬಾಗಿಲಲ್ಲಿ ಕಫೀಲ್. ಬೈಯಲಿಲ್ಲ. ಬೆಟ್ಟದ ಮೇಲೆ ಮರ ಎಣಿಸುವ ಒಬ್ಬ ಡಾಕ್ಟರಿಗೆ ಅಡುಗೆಯವನು ಬೇಕಾಗಿದ್ದಾನೆ, ನಾಳೆ ಹೊರಡು, ಖಲಾಸ್, ಅಂದರೆ ಮಾತು ಮುಗಿಯಿತು, ಎಂದ.

ಹತ್ತಿರದ ದಾರ್ಸೈಟಿನಲ್ಲಿ ನಾವು ಹಂಚಿಕೊಂಡಿದ್ದ ಕೋಣೆಯಲ್ಲಿ ನಮ್ಮ ಹಿರಿಯ ಸದಾನಂದಣ್ಣ ತಲೆಯ ಮೇಲೆ ಕೈಹೊತ್ತು ಕುಳಿತರು. "ಎಂತ ಮಾರಾಯ, ಬಂದು ಮೂರು ತಿಂಗಳಾಗ್ಲಿಲ್ಲ, ಆಗ್ಲೇ ಕಫೀಲನ ಕೆಮ್ಮು ಕದ್ದಿಯಾ? ಅಲ್ಲಿ ಮೇಲೆ ಮನುಷ್ಯರೇ ಇಲ್ವಂತೆ. ಇನ್ನು ಯಾರದ್ದು ಮಾಡಿ ತೋರಿಸ್ತಿ?"

"ನಿಮ್ದೇ ಮಾಡ್ತೇನೆ ಅಣ್ಣ. ಕತ್ತೆಗಳು ಇದ್ದಾವಂತೆ ನೋಡ್ಲಿಕ್ಕೆ."

ಡಾಕ್ಟರ್ ಇದ್ರಿಸ್ ಸುಡಾನಿನವರು. ರೋಗಿಗಳ ಡಾಕ್ಟರಲ್ಲ, ಮರಗಳ ಡಾಕ್ಟರ್. ಸರಕಾರದ ಯಾವುದೋ ಇಲಾಖೆಗಾಗಿ ಬೆಟ್ಟದ ಕಾಡಿನ ಲೆಕ್ಕ ತೆಗೆಯುತ್ತಿದ್ದರು. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ; ಅವರದು ನೆಟ್ಟಗೆ, ನನ್ನದು ಹರಕು. ಗದ್ದೆಯಲ್ಲಿ ಕೊಕ್ಕರೆ ನಡೆಯುವಂತೆ ಕಾಲೆತ್ತಿ, ಯೋಚಿಸಿ, ಇಡುವ ನಡಿಗೆ. ಎರಡನೆಯ ದಿನವೇ ನಾನು ಆ ನಡಿಗೆಯನ್ನು ಕಲಿತೆ. ಮೂರನೆಯ ದಿನ ಅವರು ನೋಡಿಬಿಟ್ಟರು. "ಎಡಗಾಲು ಇನ್ನೂ ಸ್ವಲ್ಪ ಮೇಲೆ" ಎಂದು ತಿದ್ದಿದರು. ಅಂಥವರು.

ನನಗೋ, ಅಲ್ಲಿ ಕಾಡೇ ಕಾಣಲಿಲ್ಲ. ನಮ್ಮಲ್ಲಿ ಘಟ್ಟದ ಬುಡಕ್ಕೆ ಹೋದರೆ ಮರಗಳು ಜಾತ್ರೆಯ ಬಸ್ಸಿನ ಜನರಂತೆ ಒಂದರ ಮೇಲೊಂದು ಬಿದ್ದಿರುತ್ತವೆ. ಇಲ್ಲಿ ಬೂದಿ ಬಣ್ಣದ ಕಲ್ಲಿನ ಇಳಿಜಾರಿನಲ್ಲಿ ಒಂದು ಮರ. ಐವತ್ತು ಹೆಜ್ಜೆ ಬಿಟ್ಟು ಇನ್ನೊಂದು. ಮದುವೆಯೂಟಕ್ಕೆ ಬಂದ, ಆಸ್ತಿಯ ಜಗಳವಿರುವ ದಾಯಾದಿಗಳ ಹಾಗೆ. ಹೆಚ್ಚಿನವು ಜುನಿಪರ್, ಬೆಟ್ಟದ ಜನ ಅದಕ್ಕೆ ಅಲ್‌ಅಲಾನ್ ಎನ್ನುತ್ತಾರೆ. ತಿರುಚಿದ ಕಾಂಡ, ಹುರಿಯಂತೆ ಸುಲಿಯುವ ತೊಗಟೆ, ಹುರುಪೆಯಂಥ ಎಲೆ. ನಡುನಡುವೆ ಇತಿಮ್, ಅಂದರೆ ಕಾಡು ಆಲಿವ್.

"ಇದಕ್ಕೆ ಕಾಡು ಅಂತೀರಾ ಡಾಕ್ಟರೇ? ನಮ್ಮೂರಿನಲ್ಲಿ ಇದಕ್ಕೆ ಗುಡ್ಡ ಬೋಳಾಗಿದೆ ಅಂತೇವೆ."

ಡಾಕ್ಟರ್ ನನ್ನನ್ನು ಒಂದು ಆಲಿವ್ ಮರದ ಕೆಳಗೆ ಕೂರಿಸಿದರು. ಅದರ ಬುಡದಲ್ಲಿ ಒಂದು ಪುಟ್ಟ ಜುನಿಪರ್ ಸಸಿ. ಅಪ್ಪನಲ್ಲದ ಮರದ ಕೆಳಗೆ ಈ ಮಗು ಹೇಗೆ ಬಂತು ಹೇಳು, ಎಂದರು. ನಾನು ಕಳ್ಳನಗೆ ನಕ್ಕೆ. ಅವರು ನಗಲಿಲ್ಲ, ಹೇಳಿದರು. ಜುನಿಪರಿನ ನೀಲಿಗಪ್ಪು ಹಣ್ಣನ್ನು ಚಳಿಗಾಲದಲ್ಲಿ ದೂರದ ದೇಶಗಳಿಂದ ಬರುವ ಹಕ್ಕಿ ತಿನ್ನುತ್ತದೆ. ನಮ್ಮ ಘಟ್ಟದ ಸಿಳ್ಳಾರನ ದೂರದ ಸಂಬಂಧಿ ಅದು. ತಿಂದು, ಹಾರಿ, ಇನ್ನೊಂದು ಮರದ ಕೊಂಬೆಯಲ್ಲಿ ಕುಳಿತು ಹಿಕ್ಕೆ ಹಾಕುತ್ತದೆ. ಬೀಜ ನೆರಳಿನಲ್ಲಿ ಬೀಳುತ್ತದೆ. ಬಿಸಿಲಿನ ಕಲ್ಲಿನ ಮೇಲೆ ಬಿದ್ದದ್ದು ಸತ್ತಿತು. ದೊಡ್ಡ ಮರದ ಮಡಿಲಿಗೆ ಬಿದ್ದದ್ದಕ್ಕೆ ಮಾತ್ರ ಆಸೆ. ಬೆಳಗಿನ ಮಂಜು ಎಲೆಗಳಿಗೆ ಅಂಟಿ ಬುಡಕ್ಕೆ ತೊಟ್ಟಿಕ್ಕುತ್ತದೆ. ಉದುರಿದ ಎಲೆ ಹುಳುಗಳಿಗೆ ಮನೆ. ಹುಳು ಮಣ್ಣನ್ನು ಸಡಿಲ ಮಾಡುತ್ತದೆ. ನರಿಯೂ ಹಣ್ಣು ತಿಂದು ಬೀಜವನ್ನು ಅತ್ತಿತ್ತ ಒಯ್ಯುತ್ತದೆ. "ದೂರ ನಿಂತಿವೆ ಅಂತ ಸಂಬಂಧ ಇಲ್ಲ ಅಂದುಕೊಂಡೆಯಾ?" ಎಂದು ಕೇಳಿದರು.

ನನಗೆ ನಮ್ಮ ಕೋಣೆ ನೆನಪಾಯಿತು. ಆರು ಜನ. ಒಬ್ಬನಿಗೆ ಕಾರು ಓಡಿಸಲು ಬರುತ್ತದೆ, ಒಬ್ಬನಿಗೆ ಅರಬಿ ಬರುತ್ತದೆ, ಉಡುಪಿಯ ಕೊಂಕಣಿ ಕ್ರಿಸ್ತುವನಿಗೆ ಮೀನು ಆರಿಸಲು ಬರುತ್ತದೆ, ಸದಾನಂದಣ್ಣನಿಗೆ ಅಳುವವರನ್ನು ಸುಮ್ಮನಾಗಿಸಲು ಬರುತ್ತದೆ. ನನಗೆ ನಗಿಸಲು ಬರುತ್ತದೆ ಎಂದುಕೊಂಡಿದ್ದೆ. ಆರು ಜನರಲ್ಲಿ ಒಬ್ಬ ರಜೆಗೆ ಹೋದರೂ ಆ ತಿಂಗಳು ಮನೆ ಕುಂಟುತ್ತಿತ್ತು. ಡಾಕ್ಟರಿಗೆ ಇದನ್ನು ಹೇಳಿದಾಗ ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡರು. ನನ್ನ ಮಾತನ್ನು ಬರೆದುಕೊಂಡ ಮೊದಲ ಮನುಷ್ಯ.

ಕ್ಯಾಂಪಿನ ಪಕ್ಕದಲ್ಲೇ ಮೇಲಿನ ತೋಪು. ಅರ್ಧ ಗಂಟೆ ಇಳಿದರೆ ಕೆಳಗಿನ ತೋಪು. ಅಲ್ಲಿ ಮರಗಳ ನೆತ್ತಿ ಒಣಗುತ್ತಿತ್ತು. ಆ ಒಣಗುವ ಮರಗಳ ಕೆಳಗೆ ನನಗೆ ಸಿಕ್ಕಿದವರು ಉಮ್ ಖಲ್ಫಾನ್, ಎಂದರೆ ಖಲ್ಫಾನನ ತಾಯಿ. ಇಲ್ಲಿ ಹೆಂಗಸರನ್ನು ಮಗನ ಹೆಸರಿನಿಂದ ಕರೆಯುತ್ತಾರೆ. ನಾನು ಅಜ್ಜಿ ಎಂದೇ ಕರೆದೆ. ಅದು ನಮ್ಮ ಭಾಷೆಯ ಬೈಗುಳವಿರಬೇಕೆಂದು ಅವರಿಗೆ ಒಂದು ವಾರ ಅನುಮಾನವಿತ್ತು. ಹದಿನಾಲ್ಕು ಆಡು. ಮಧ್ಯಾಹ್ನದ ಬಿಸಿಲಿಗೆ ಆಡುಗಳನ್ನು ತೋಪಿನ ನೆರಳಿಗೆ ತಂದು ಮಲಗಿಸಿ, ಎರಡು ಹೊತ್ತಿನ ನಮಾಜನ್ನು ಅಲ್ಲೇ ಮುಗಿಸಿ ಸಂಜೆ ಗುಡಿಸಲಿಗೆ ಹೋಗುವುದು ಅವರ ದಿನಚರಿ. ಡಾಕ್ಟರು ಬೆಳಗಿನ ಕೆಲಸ ಮುಗಿಸಿ ಊಟ ಮಾಡಿ ಮಲಗುತ್ತಿದ್ದರು. ನಾನು ಮಧ್ಯಾಹ್ನ ಕೆಳಗಿಳಿಯುತ್ತಿದ್ದೆ. ನನ್ನ ಅರಬಿ ಆಗ ಮೂವತ್ತು ಶಬ್ದ. ಉಳಿದದ್ದನ್ನು ಆಡುಗಳ ಮೂಲಕ ಮಾತಾಡುತ್ತಿದ್ದೆವು.

"ಯಾ ಹಿಂದಿ," ಎನ್ನುತ್ತಿದ್ದರು, ಹಿಂದಿ ಎಂದರೆ ಇಂಡಿಯಾದವನು, "ಕಪ್ಪು ಆಡು ಹಾಗೆ ಕೂಗುವುದಿಲ್ಲ. ಅದು ಹಠಮಾರಿ. ಕೊನೆಗೆ ಮೂಗಿನಲ್ಲಿ ಎಳೆಯಬೇಕು."

ನಾನು ಮೂಗಿನಲ್ಲಿ ಎಳೆದೆ. ಕಪ್ಪು ಆಡು ಎದ್ದು ಬಂದು ನನ್ನನ್ನು ಗುದ್ದಿತು. ಅಜ್ಜಿ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡು, ಕ್ಯಾನಿನ ನೀರಿನಲ್ಲಿ ಕೈ, ಬಾಯಿ, ಮುಖ, ಕಾಲು ತೊಳೆದು ಪ್ರಾರ್ಥನೆಗೆ ನಿಂತರು. ದಿನವೂ ಅದೇ ಚಪ್ಪಟೆ ಕಲ್ಲಿನ ಮೇಲೆ ಕುಳಿತು ತೊಳೆಯುತ್ತಿದ್ದರು. ನಾನು ದಿನವೂ ನೋಡುತ್ತಿದ್ದೆ. ನೋಡುವುದು ನನ್ನ ಕಸುಬು ಎಂದುಕೊಂಡಿದ್ದವನು ನಾನು. ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ಒಂದು ದಿನವೂ ನೋಡಲಿಲ್ಲ.

ಡಿಸೆಂಬರಿನಲ್ಲಿ ಡಾಕ್ಟರ್ ಕೆಳಗಿನ ತೋಪಿನ ಒಂದು ಅಂಚಿನಲ್ಲಿ ಏಳು ಸಸಿಗಳನ್ನು ಕಂಡರು. ಗೇಣುದ್ದದವು. ಸಾಯುತ್ತಿದೆ ಎಂದುಕೊಂಡ ತೋಪಿನಲ್ಲಿ ಏಳು ಮಕ್ಕಳು! ಮಂಡಿಯೂರಿ ಒಂದೊಂದನ್ನೂ ಅಳೆದರು. ಹಕ್ಕಿಗಳು ಇನ್ನೂ ಇಲ್ಲಿಗೆ ಬರುತ್ತಿರಬಹುದು ಎಂದು ಅವರಿಗೆ ಹೊಳೆಯಿತು. ಮೂರು ಬೆಳಗು ಹೋಗಿ ಕಿವಿಗೊಟ್ಟು ಕೂರೋಣ ಎಂದರು.

ಮೊದಲ ಬೆಳಗು. ಡಾಕ್ಟರ್ ತೋಪಿನ ಮಧ್ಯೆ, ನಾನು ಚಹಾದ ಫ್ಲಾಸ್ಕಿನೊಂದಿಗೆ ಬಂಡೆಯ ಹಿಂದೆ. ಅರ್ಧ ಗಂಟೆ. ಒಂದು ರೆಕ್ಕೆಯ ಸದ್ದೂ ಇಲ್ಲ. ಬಂಡೆಯ ಅಂಚಿನಿಂದ ಅವರ ಮುಖ ಕಾಣುತ್ತಿತ್ತು. ಆಸ್ಪತ್ರೆಯ ವರಾಂಡದಲ್ಲಿ ಕುಳಿತವರ ಮುಖ. ಮನೆಯಿಂದ ಎರಡು ತಿಂಗಳು ಕಾಗದ ಬಂದಿರಲಿಲ್ಲ ಅವರಿಗೆ. ನನಗೆ ತಡೆಯಲಾಗಲಿಲ್ಲ. ಮೇಲಿನ ತೋಪಿನಲ್ಲಿ ಆ ಹಕ್ಕಿಯ ಕೂಗು ಕಲಿತಿದ್ದೆ: ಎರಡು ಬೆಣಚುಕಲ್ಲು ತಾಗಿಸಿದಂತೆ ಚಕ್, ಚಕ್‌ಚಕ್. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಬಿಟ್ಟೆ. ಡಾಕ್ಟರ್ ಮಗುವಿನ ಹಾಗೆ ತಲೆಯೆತ್ತಿದರು. ಮತ್ತೆ ಬಿಟ್ಟೆ; ಸ್ವಲ್ಪ ಬಲಕ್ಕೆ ತಿರುಗಿ ಇನ್ನೊಂದು ಹಕ್ಕಿಯನ್ನೂ ಸೇರಿಸಿದೆ. ಅವರ ಪೆನ್ಸಿಲು ಓಡಿತು.

ದಾರಿಯಲ್ಲಿ ಹೇಳಿ ಇಬ್ಬರೂ ನಗಬೇಕೆಂದಿದ್ದೆ. ಆದರೆ ಅವರು ದಾರಿಯುದ್ದಕ್ಕೂ ಹಾಡುತ್ತ ನಡೆದರು. ಹಾಡುವವರ ಬಾಯಿ ಮುಚ್ಚಿಸುವುದು ಹೇಗೆ? ಎರಡನೆಯ ಬೆಳಗು ಹಕ್ಕಿಗಳು ಬರದಿದ್ದರೆ ಅನುಮಾನ ಬರುತ್ತದೆಂದು ಮತ್ತೆ ಕೂಗಿದೆ. ಮೂರನೆಯ ಬೆಳಗು ಐದು ಹಕ್ಕಿ ಆದೆ.

ಒಂದು ವಾರದ ಮೇಲೆ, ಅನ್ನ ಬಡಿಸುವಾಗ, ಡಾಕ್ಟರ್ ವಿಷಯ ಹೇಳಿದರು. ಇಲಾಖೆಯ ಹತ್ತಿರ ಒಂದು ತೋಪಿಗಾಗುವಷ್ಟು ಮಾತ್ರ ತಂತಿ ಇದೆ. ಮೇಲಿನ ತೋಪಿಗೆ ಬೇಲಿ ಹಾಕುವುದೆಂದುಕೊಂಡಿದ್ದರಂತೆ. ಈಗ ಕೆಳಗಿನದಕ್ಕೆ. "ಅಲ್ಲಿ ಹಕ್ಕಿ ಬರುತ್ತಿದೆ, ಸಸಿ ಏಳುತ್ತಿದೆ. ಆಡು, ಕತ್ತೆಗಳ ಬಾಯಿ ತಪ್ಪಿಸಿದರೆ ಸಾಕು, ತೋಪು ತಾನೇ ಎದ್ದು ನಿಲ್ಲುತ್ತದೆ."

"ಮತ್ತೆ ಉಮ್ ಖಲ್ಫಾನ್?"

"ಆಡುಗಳು ಬೇರೆ ಕಡೆ ಹೋಗಬೇಕು."

ಬೇರೆ ಕಡೆ ಎಂದರೆ ನೆರಳಿಲ್ಲದ ಕಲ್ಲು, ಅಥವಾ ಅಜ್ಜಿಯ ಮಂಡಿಗಳಿಗೆ ಆಗದ, ಮೇಲಿನ ತೋಪಿನ ಏರು. ಆ ಒಂದು ನೆರಳು ಹೋದರೆ ಅಜ್ಜಿಯ ಬೆಟ್ಟದ ಬದುಕು ಮುಗಿಯಿತು ಎನ್ನುವುದು ನನಗೆ ಗೊತ್ತಿತ್ತು. ಎರಡು ದಿನ ಬೆಂದೆ. ಹೇಳಿದರೆ ನನ್ನ ಮಾತನ್ನು ಬರೆದುಕೊಂಡ ಮನುಷ್ಯ ನನ್ನನ್ನು ಗೋಡೌನಿಗೆ ವಾಪಸು ಕಳಿಸುತ್ತಾರೆ. ಮೂರನೆಯ ದಿನ ಬೆಳಿಗ್ಗೆ ಚಹಾ ಕೊಟ್ಟು ಹೇಳಿಯೇಬಿಟ್ಟೆ.

"ಡಾಕ್ಟರೇ, ಆ ಹಕ್ಕಿಗಳು ನಾನು."

ಅವರು ನಕ್ಕರು. ನಾನು ಮತ್ತೆ ಹೇಳಿದೆ. ಅವರ ನಗು ನಿಂತಿತು. ನನ್ನನ್ನು ಕನಿಕರದಿಂದ ನೋಡಿದರು. "ಆ ತಾಯಿಯ ಮೇಲೆ ನಿನಗೆ ಪ್ರೀತಿ. ಗೊತ್ತು. ಅದಕ್ಕೆ ಹೀಗೆ ಹೇಳುತ್ತಿದ್ದೀ."

"ಅಲ್ಲ ಡಾಕ್ಟರೇ, ನಿಜ. ದೇವರಾಣೆ."

"ಸರಿ. ಕೂಗಿ ತೋರಿಸು."

ನಾಲಿಗೆ ಅಂಗುಳಕ್ಕೆ ಒತ್ತಿದೆ. ಬಾಯಿಯಲ್ಲಿ ಎಂಜಲೇ ಇರಲಿಲ್ಲ. ಒಣ ನಾಲಿಗೆಯಿಂದ ಥಪ್ ಎಂಬ ಸದ್ದು ಬಂತು, ಒದ್ದೆ ಚಪ್ಪಲಿ ಬಿದ್ದಂತೆ. ಮತ್ತೆ ಪ್ರಯತ್ನಿಸಿದೆ. ಥಪ್. ಹುಟ್ಟಿದಂದಿನಿಂದ ಶಾಲೆಯ ಮೇಷ್ಟರು, ಬಸ್ ಕಂಡಕ್ಟರು, ಸೋದರಮಾವ, ಕಫೀಲ್ ಎಲ್ಲರನ್ನೂ ಹೊರಡಿಸಿದ ಈ ಬಾಯಿ, ಒಬ್ಬರನ್ನು ಉಳಿಸಬೇಕಾದ ಆ ಒಂದು ಬೆಳಿಗ್ಗೆ, ನನ್ನದೇ ಆಗಿತ್ತು. ಬೇರೆ ಯಾರೂ ಅದರೊಳಗೆ ಬರಲಿಲ್ಲ. ಡಾಕ್ಟರ್ ನನ್ನ ಭುಜ ತಟ್ಟಿ, "ಪರವಾಗಿಲ್ಲ, ಚಹಾ ಕುಡಿ" ಎಂದರು. ಆಮೇಲೆ, ಅವರ ಬೆನ್ನು ತಿರುಗಿದ ಮೇಲೆ, ಡೇರೆಯ ಹಿಂದೆ ಕೂಗಿದೆ. ಚೆನ್ನಾಗಿ ಬಂತು. ಓಡಿಹೋಗಿ ಅವರ ಮುಂದೆ ಕೂಗಬಹುದಿತ್ತು. ಹೋಗಲಿಲ್ಲ. ಒಮ್ಮೆ ಹೇಳಿದ್ದೇನಲ್ಲ, ನಂಬದಿದ್ದರೆ ನನ್ನ ತಪ್ಪೇ ಎಂದು ನನಗೆ ನಾನೇ ವಕೀಲನಾದೆ.

ಚಳಿ ಇಳಿಯುವ ಹೊತ್ತಿಗೆ ಬೇಲಿ ಎದ್ದಿತು. ಮೊದಲ ಮಧ್ಯಾಹ್ನ ಆಡುಗಳು ಎಂದಿನಂತೆ ಬಂದವು. ತಂತಿಗೆ ಮೂಗು ತಾಗಿಸಿ ನಿಂತವು. ಅವಕ್ಕೆ ಅರ್ಥವಾಗಲಿಲ್ಲ. ನೆರಳು ಅಲ್ಲೇ ಕಾಣುತ್ತಿದೆ, ಕಾಲು ಹೋಗುತ್ತಿಲ್ಲ. ಹದಿನಾಲ್ಕೂ ಸಾಲಾಗಿ, ಬಿಸಿಲಿನಲ್ಲಿ, ಇಳಿಹೊತ್ತಿನ ಅಸರ್ ನಮಾಜಿನವರೆಗೆ ನಿಂತವು. ಅಜ್ಜಿಯೂ ನಿಂತರು. ಮೂರು ದಿನ ಹೀಗೇ ಬಂದರು. ನಾಲ್ಕನೆಯ ದಿನ ಮಗ ಖಲ್ಫಾನ್ ಪಿಕಪ್ ತಂದ. ಅವನಿಗೆ ಮಸ್ಕತ್ತಿನ ಬೌಷರಿನಲ್ಲಿ ಮನೆ. ಎಷ್ಟು ವರ್ಷದಿಂದ ಕರೆಯುತ್ತಿದ್ದನೋ, ಈಗ ಅವರಿಗೆ ಬೇಡವೆನ್ನಲು ಕಾರಣ ಉಳಿದಿರಲಿಲ್ಲ. ಆಡುಗಳನ್ನು ಆಚೆ ಕಣಿವೆಯ ನೆಂಟರು ಹೊಡೆದುಕೊಂಡು ಹೋದರು. ಕಪ್ಪು ಆಡು ಮಾತ್ರ ಎರಡು ಸಲ ತಿರುಗಿ ಓಡಿಬಂತು.

"ಯಲ್ಲಾ, ಯಾ ಹಿಂದಿ," ಎಂದರು ಪಿಕಪ್ಪಿನಲ್ಲಿ ಕುಳಿತು, "ಬೌಷರಿಗೆ ಬಾ." ನಡಿ, ಹೊರಡು, ಆಗಲಿ, ಎಲ್ಲಕ್ಕೂ ಯಲ್ಲಾ ಒಂದೇ ಶಬ್ದ. ಆ ದಿನ ಅದು ಯಾವುದಾಗಿತ್ತೋ.

ಡಾಕ್ಟರರ ಕೆಲಸ ಮುಗಿದು ಅವರು ದೇಶಕ್ಕೆ ಹೋದರು, ನಾನು ಗೋಡೌನಿಗೆ. ಈದ್ ಹಬ್ಬದ ರಜೆಯಲ್ಲಿ ಟ್ಯಾಕ್ಸಿ ಹಿಡಿದು ಬೌಷರಿಗೆ ಹೋದೆ. ಅಜ್ಜಿ ಏಸಿಯ ಕೋಣೆಯಲ್ಲಿ ಕಂಬಳಿ ಹೊದ್ದು ಕುಳಿತಿದ್ದರು. ಮೊಮ್ಮಕ್ಕಳು ಟೀವಿಯ ಮುಂದೆ. ಖರ್ಜೂರ, ಅರಬರ ಕಾಫಿ ಕಹ್ವಾ ಬಂತು. ಅಜ್ಜಿಯ ಮೊದಲ ಪ್ರಶ್ನೆ: "ಚಿಕ್ಕವರಿಗೆ ಈಗ ನೀರು ಯಾರು ಕೊಡುತ್ತಾರೆ?"

"ಯಾವ ಚಿಕ್ಕವರು?"

"ಏಳು ಮಂದಿ. ನನ್ನ ಕಲ್ಲಿನ ಪಕ್ಕದವರು."

ಕಹ್ವಾದ ಬಟ್ಟಲು ಕೈಯಲ್ಲೇ ಉಳಿಯಿತು. ಎಷ್ಟೋ ವರ್ಷಗಳ ಹಿಂದೆ, ಹಕ್ಕಿಗಳಿದ್ದ ಕಾಲದಲ್ಲಿ ಬಿದ್ದ ಬೀಜಗಳಿಂದ ಹುಟ್ಟಿದವಂತೆ ಅವು. ಮೊಳೆತದ್ದನ್ನು ನೋಡಿ ಅಜ್ಜಿ ತೊಳೆಯುವ ಕಲ್ಲನ್ನು ಅಲ್ಲಿಗೆ ಉರುಳಿಸಿಕೊಂಡರಂತೆ. ದಿನಕ್ಕೆ ಎರಡು ಸಲ ಕೈಯಿಂದ, ಮುಖದಿಂದ, ಕಾಲಿನಿಂದ ಇಳಿದ ನೀರು ಸಣ್ಣ ತೋಡಿನಲ್ಲಿ ಹರಿದು ಏಳೂ ಬುಡಗಳಿಗೆ ಹೋಗುತ್ತಿತ್ತು. ಆಡು ಬಾಯಿಹಾಕಿದರೆ ಕಲ್ಲು ಎಸೆಯುತ್ತಿದ್ದರು.

"ಡಾಕ್ಟರಿಗೆ ಯಾಕೆ ಹೇಳಲಿಲ್ಲ ಅಜ್ಜಿ?"

"ಕೇಳಲಿಲ್ಲವಲ್ಲ. ಮರ ಎಣಿಸಿದ, ಹಕ್ಕಿ ಎಣಿಸಿದ, ನನ್ನ ಆಡುಗಳನ್ನು ಎಣಿಸಿದ. ನನ್ನನ್ನು ಎಣಿಸಲಿಲ್ಲ." ಸಿಟ್ಟಿನಿಂದಲ್ಲ, ತಮಾಷೆಯೆಂಬಂತೆ ಹೇಳಿದರು. ಆಮೇಲೆ ಬಚ್ಚಲಿನ ಕಡೆ ಗದ್ದ ತಿರುಗಿಸಿ ತೋರಿಸಿದರು. "ಇಲ್ಲಿ ನಲ್ಲಿ ತಿರುಗಿಸಿದರೆ ನೀರೇ ನೀರು. ಎಲ್ಲ ಕೊಳವೆಗೆ. ಯಾರ ಬಾಯಿಗೂ ಹೋಗುವುದಿಲ್ಲ."

ಆ ಬೇಸಿಗೆ ದಿನಸಿಯ ಗಾಡಿಯಲ್ಲಿ ಜಾಗ ಕೇಳಿ ಬೆಟ್ಟ ಹತ್ತಿದೆ. ಕೈಯಲ್ಲಿ ಎರಡು ಕ್ಯಾನು ನೀರು. ಬೇಲಿ ಗಟ್ಟಿಯಾಗಿತ್ತು, ಒಂದು ಆಡಿನ ಹಿಕ್ಕೆಯೂ ಒಳಗಿಲ್ಲ. ತಂತಿ ಹತ್ತಿ ಒಳಗಿಳಿದೆ. ಕಲ್ಲಿನ ಪಕ್ಕದಲ್ಲಿ ಏಳೂ ನಿಂತಿದ್ದವು, ತುಕ್ಕು ಹಿಡಿದ ತಂತಿಯ ಬಣ್ಣದಲ್ಲಿ. ಮುಟ್ಟಿದರೆ ಎಲೆ ಪುಡಿಯಾಯಿತು. ಆದರೂ ಎರಡೂ ಕ್ಯಾನು ಸುರಿದೆ. ಗಾಡಿಯವನು ಹಾರ್ನ್ ಹೊಡೆಯುವವರೆಗೆ ಸುರಿದ ಜಾಗ ನೋಡುತ್ತ ಕುಳಿತಿದ್ದೆ.

ಮುಂದಿನ ಈದಿಗೆ ಅಜ್ಜಿ ಕೇಳಿದರು, "ಹೋಗಿದ್ದೆಯಂತೆ. ಚಿಕ್ಕವರು?"

"ಇದ್ದಾರೆ," ಎಂದೆ. "ಇಷ್ಟಾಗಿದ್ದಾರೆ." ಅಂಗೈಯನ್ನು ಮೊಣಕಾಲಿನ ಎತ್ತರದಲ್ಲಿ ಹಿಡಿದೆ. ಯಾರ ದನಿಯೂ ಅಲ್ಲ, ನನ್ನದೇ ದನಿಯಲ್ಲಿ.

ಅವರು ತಲೆಯಾಡಿಸಿದರು. ಆಮೇಲೆ ಇದು ನಮ್ಮ ಹಬ್ಬದ ಪದ್ಧತಿಯೇ ಆಯಿತು. ನಾನು ಹೋಗುವುದು, ಅವರು ಕೇಳುವುದು, ನಾನು ಕೈ ಎತ್ತುವುದು. ತೊಂಬತ್ತರ ದಶಕ ಹೀಗೆ ಏರಿತು: ತೊಡೆ, ಸೊಂಟ. ಬೌಷರಿನಲ್ಲಿ ಕಟ್ಟಡಗಳೂ ಏರಿದವು. ದಾರ್ಸೈಟಿನ ಕೋಣೆಯಲ್ಲಿ ಆರರಲ್ಲಿ ನಾಲ್ವರು ಬದಲಾದರು. ಸದಾನಂದಣ್ಣ ಎಲ್ಲ ಬಿಟ್ಟು ಊರಿಗೆ ಹೋದರು. ಮಂಗಳೂರಿನಲ್ಲಿ ತಮ್ಮನ್ನು ಎಲ್ಲರೂ "ಮಸ್ಕತ್ತಿನವರು" ಎನ್ನುತ್ತಾರೆಂದು ಬರೆದರು. ನಾನು ರಜೆಗೆ ಹೋದಾಗ ಮೂಲ್ಕಿಯ ಹಸಿರಿಗೆ ಕಣ್ಣು ಮುಚ್ಚಿಕೊಳ್ಳಬೇಕೆನಿಸುತ್ತದೆ. ಎಲ್ಲವೂ ಇಷ್ಟು ಒತ್ತಾಗಿ, ಇಷ್ಟು ಸುಲಭವಾಗಿ ಬೆಳೆಯುತ್ತದೆಯಲ್ಲ ಎಂದು ಹೊಟ್ಟೆಯುರಿಯುತ್ತದೆ. ಇಲ್ಲಿಗೆ ಬಂದರೆ ಅದೇ ಹಸಿರಿಗೆ ಜೀವ ಬಾಯಿಬಿಡುತ್ತದೆ.

ಕಳೆದ ಈದಿಗೆ ಅಜ್ಜಿ ಮಲಗಿಯೇ ಇದ್ದರು. ಕಣ್ಣಿಗೆ ಪೊರೆ. ಪ್ರಶ್ನೆ ಬಂತು. ನಾನು ನೆಲದ ಮೇಲೆ ಕುಳಿತವನು ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿದೆ. ಕಾಣದವರಿಗೆ ತಿಳಿಯಲಿ ಎಂದು, "ಇಲ್ಲಿ, ಎದೆಯ ತನಕ" ಎಂದೆ.

ಅವರು ತಡವರಿಸಿ ನನ್ನ ಮಣಿಕಟ್ಟು ಹಿಡಿದರು.

"ಅಲ್‌ಅಲಾನ್ ಅಷ್ಟು ಬೇಗ ಬೆಳೆಯುವುದಿಲ್ಲ, ಯಾ ಹಿಂದಿ. ನಾನು ಮದುವೆಯಾಗಿ ಬಂದಾಗ ಗೇಣುದ್ದವಿದ್ದದ್ದು ಖಲ್ಫಾನನ ಮದುವೆಯಲ್ಲಿ ಮೊಣಕಾಲಿಗೆ ಬಂದಿತ್ತು."

ನನ್ನ ಕೈಯನ್ನು ಮೆಲ್ಲನೆ ಕೆಳಗೆ ಒತ್ತಿದರು. ಎದೆಯಿಂದ ಸೊಂಟಕ್ಕೆ, ಮೊಣಕಾಲಿಗೆ, ಗೇಣಿಗೆ. ಅಲ್ಲಿಯೂ ನಿಲ್ಲಿಸಲಿಲ್ಲ. ಅಂಗೈ ಜಮಖಾನೆಗೆ ತಾಗುವವರೆಗೆ ಒತ್ತಿ, ಅದರ ಮೇಲೆ ತಮ್ಮ ಕೈಯನ್ನಿಟ್ಟರು. ಮೊದಲ ವರ್ಷದಿಂದಲೇ ಅವರಿಗೆ ಗೊತ್ತಿತ್ತು.

"ಮುಂದಿನ ಹಬ್ಬಕ್ಕೂ ಬಾ," ಎಂದರು. "ಬಂದು ಸುಳ್ಳನ್ನೇ ಹೇಳು. ಈ ಮನೆಯಲ್ಲಿ ಅವುಗಳ ಮಾತೆತ್ತುವವರು ಯಾರೂ ಇಲ್ಲ."

ಹಕ್ಕಿಗಳ ವಿಷಯವನ್ನು ಮಾತ್ರ ಅವರಿಗೆ ಹೇಳಲು ನನಗೆ ಇಂದಿನವರೆಗೂ ಆಗಿಲ್ಲ. ಡಾಕ್ಟರ್ ಎಣಿಸಿದ ಆ ಹಕ್ಕಿಗಳು ಯಾರೆಂದು ಅವರು ಕೇಳಿಲ್ಲ; ನಾನು ಹೇಳಿಲ್ಲ. ಅದನ್ನು ಇಲ್ಲಿ, ಕನ್ನಡದಲ್ಲಿ, ನಿಮಗೆ ಹೇಳುತ್ತಿದ್ದೇನೆ. ಕೇಳಬೇಕಾದವರಿಗೆ ಈ ಅಕ್ಷರ ಬಾರದು. ಓದುವ ನೀವು ಆ ತೋಪನ್ನು ನೋಡಿಲ್ಲ.